ಎಡ ಮಡ್ಗಾರ್ಡಿನ ನೆಗ್ಗು

ಇಳಕಲ್ಲದಾಗ ನಂದೊಂದು ಚಷ್ಮಾದ ಅಂಗಡಿ ಐತಿ. ಬರೂ ಗಿರಾಕಿಗೋಳು ಮೊದ್ಲ ಫ್ರೇಮ್ ನೋಡೂದಿಲ್ಲ, ಕಪಾಟಿನ ಮ್ಯಾಲಿನ ಖಾನೆದಾಗ ಸಾಲಾಗಿ ನಿಂತ ಸಣ್ಣ ಸಣ್ಣ ಕಾರು, ಜೀಪು, ಲಾರಿ ನೋಡ್ತಾರ. "ಇವನ್ನೂ ಮಾರ್ತೀರೇನ್ರಿ?" ಅಂತಾರ. ಇಲ್ರಿ ಅಂದ್ರ, "ಮತ್ತ್ಯಾಕ ಇಟ್ಟೀರಿ?" ಅಂತಾರ. ಇದಕ್ಕ ಉತ್ತರ ಕೊಟ್ಟು ಕೊಟ್ಟು ನನ್ನ ತಲಿ ಕೆಟ್ಟು ಹೋಗೇತಿ. ಮಂದಿ ಶೋಕೇಸಿನಾಗ ಹಿಡಿಕಿ ಮುರದ ಕಪ್ಪು-ಬಸಿ ಇಟ್ಕೋತಾರ, ಬಣ್ಣಾ ಹಾರಿದ ಪ್ಲಾಸ್ಟಿಕ್ ಹೂವಾ ಇಟ್ಕೋತಾರ, ಅದಕ್ಕ ಯಾರೂ ಕಾರಣ ಕೇಳೂದಿಲ್ಲ. ನಲವತ್ತ ದಾಟಿದ ಗಂಡಸು ಆಟಿಗಿ ಕಾರು ಇಟ್ಕೊಂಡಾನ ಅಂದ್ರ ಮಾತ್ರ ಊರಿಗೆಲ್ಲ ಚಿಂತಿ.

ಆಟಿಗಿ ಸಾಮಾನಲ್ಲ ಅವು, ಅದನ್ನ ಮೊದ್ಲ ಹೇಳಿ ಮುಗಸ್ತೇನಿ. ಎರಕಾ ಹೊಯ್ದ ಲೋಹದ ಮಾದರಿ. ಕಂಪನಿಯವರು ಎಲ್ಲಾದಕ್ಕೂ ಒಂದ ಥರಾ ಥಳಥಳ ಬಣ್ಣಾ ಹೊಡದು ಕಳಸಿರ್ತಾರ. ನಾ ಅದನ್ನ ತಂದು, ಬುಡದಾಗಿನ ರಿವಿಟ್ ಕೊರದು ಬಿಚ್ಚತೇನಿ. ಬಣ್ಣಾ ಎಲ್ಲಾ ಕೆತ್ತಿ ತಗದು ಬರೀ ಮೈ ಮಾಡ್ತೇನಿ. ಆಮ್ಯಾಲ ನನಗ ಬೇಕಾದಂಗ ಹೊಸಾ ಬಣ್ಣಾ, ಹೊಸಾ ಗಾಲಿ, ತುಕ್ಕು, ಧೂಳಿ, ಗೀರು ಎಲ್ಲಾ ಕೂಡಸ್ತೇನಿ. ಹಳೇದನ್ನ ಹೊಸಾದು ಮಾಡೂ ಮಂದಿ ಭಾಳ ಅದಾರ. ಹೊಸಾದನ್ನ ತಂದು ಕಷ್ಟಪಟ್ಟು ಹಳೇದು ಮಾಡಾಂವ ಇಳಕಲ್ಲದಾಗ ನಾ ಒಬ್ಬನ ಇರಬೇಕು.

ಚಷ್ಮಾದಂಗಡಿ ಈ ಕೆಲಸಕ್ಕ ಹೇಳಿ ಮಾಡಿಸಿದ್ದು. ಜ್ವಾಳದ ಕಾಳಿನಷ್ಟ ಸ್ಕ್ರೂ ತಿರುವೂ ಹತಾರ ಇರ್ತಾವ, ಕಣ್ಣಿಗಿ ಹಾಕ್ಕೊಳ್ಳೂ ಭೂತಗನ್ನಡಿ ಇರ್ತೈತಿ, ಕಟ್ಟಿಲ್ಲದ ಚಷ್ಮಾದ ಗಾಜಿಗಿ ತೂತ ಕೊರಿಯೂ ಸಣ್ಣ ಡ್ರಿಲ್ ಇರ್ತೈತಿ. ಹೊಸಾ ಫ್ರೇಮಿನಾಗ ಸುಮ್ನ ತೋರಸಾಕ ಅಂತ ಒಂದು ತೆಳ್ಳನ ಪ್ಲಾಸ್ಟಿಕ್ ಗಾಜು ಬರ್ತೈತಿ. ಎಲ್ಲಾ ಅಂಗಡಿಯವರು ಅದನ್ನ ಒಗೀತಾರ, ನಾ ಕತ್ತರಿಸಿ ಕಾರಿನ ಮುಂದಿನ ಗಾಜು ಮಾಡ್ತೇನಿ. ಮೂಗಿನ ಮ್ಯಾಲ ಕೂಡೂ ಮೆತ್ತನ ಪ್ಯಾಡ್ ಇರ್ತಾವಲ್ಲ, ಅವು ಹೆಡ್‌ಲೈಟ್ ಆಗ್ತಾವ.

"ಮನಿ ಬಾಗಲಕ್ಕ ಬಣ್ಣಾ ಹಚ್ರಿ ಅಂತ ಹ್ವಾದ ದೀಪಾವಳಿಗಿ ಹೇಳಿದ್ದು ಇನ್ನೂ ಹಂಗ ಐತಿ," ಅಂತಾಳ ನನ್ನ ಹೆಂಡ್ತಿ. "ಕಡ್ಲಿಕಾಳಿನಂಥಾ ಗಾಲಿಗಿ ಮೂರ ಮೂರ ಸಲ ಹಚ್ಚಾಕ ಮಾತ್ರ ಕೈ ಬರ್ತಾವ." ಆಕಿ ಉಗುರಿನ ಬಣ್ಣಾ ತಗಿಯೂ ಶೀಸೆ ನನ್ನ ಅಂಗಡ್ಯಾಗ ಖಾಲಿ ಆಗಿದ್ದ ಆ ಸಿಟ್ಟಿನ ಖರೆ ಕಾರಣ. ಅದನ್ನ ನಾ ನೆನಪ ಮಾಡಿ ಕೊಡಾಕ ಹೋಗೂದಿಲ್ಲ.

ಇರ್ಲಿ. ಈಗ ಹೇಳಬೇಕಾದದ್ದು ಒಂದು ಜೀಪಿನ ಸುದ್ದಿ.

ನಮ್ಮಪ್ಪ ಮತ್ತ ನಮ್ಮ ಕಾಕಾ, ಅಂದ್ರ ಅಪ್ಪನ ಬೆನ್ನಿಗಿ ಬಿದ್ದ ತಮ್ಮ, ಇಬ್ರೂ ಕೂಡಿ ಒಂದ ಕಾಲಕ್ಕ ಬಾಡಿಗಿ ಜೀಪು ಇಟ್ಟಿದ್ರು. ಒಬ್ರು ಸ್ಟೇರಿಂಗ್ ಹಿಡದ್ರ ಇನ್ನೊಬ್ರು ಹಿಂದಿನ ಫಳಿ ಮ್ಯಾಲ ನಿಂತು "ಹುನಗುಂದ, ಕಮತಗಿ, ಬಾಗಲಕೋಟಿ" ಅಂತ ಒದರೂದು. ಹುನಗುಂದದಾಗ ಅದಲಾಬದಲಿ. ಆ ಜೀಪಿನಾಗ ಎಷ್ಟ ಮಂದಿ ಕೂಡತಿದ್ರು ಅಂತ ಕೇಳಬ್ಯಾಡ್ರಿ. ಕೂಡೂದು ಅನ್ನೂ ಮಾತ ಅದಕ್ಕ ಹೊಂದೂದಿಲ್ಲ. ಐತವಾರ ಬಂತಂದ್ರ ಬದಾಮಿ, ಬನಶಂಕರಿ, ಮಹಾಕೂಟದ ಟ್ರಿಪ್ಪು. ನನಗ ಮೊಟ್ಟಮೊದಲ ಆಟಿಗಿ ಕಾರು ಕೊಡಿಸಿದಾಂವ ಕಾಕಾ, ಬದಾಮಿ ಬಸ್ ಸ್ಟ್ಯಾಂಡಿನ ಅಂಗಡ್ಯಾಗ. ಅದರ ಗಾಲಿ ಮನಿ ಮುಟ್ಟೂದ್ರಾಗ ಕಿತ್ತಿದ್ವು. ಕಾಕಾ ಗುಂಡಿ ಹಚ್ಚಿ ಮತ್ತ ಗಾಲಿ ಮಾಡಿಕೊಟ್ಟ. ಈ ಹುಚ್ಚು ನನಗ ಅಲ್ಲಿಂದ ಹತ್ತೇತಿ ಅಂತ ನಾ ತಿಳಕೊಂಡೀನಿ.

ನನ್ನ ಲಗ್ನಕ್ಕ ಮುಂಚಿನ ಒಂದು ಐತವಾರ, ಇಬ್ರೂ ನಸಿಕಿನ್ಯಾಗ ಮಹಾಕೂಟಕ್ಕ ಹೋಗಿ ಬಂದು, ಉಂಡು, ಮಧ್ಯಾಹ್ನ ಮಲಗಿದ್ರಂತ. ಎದ್ದು ಬಂದು ನೋಡ್ತಾರ, ಜೀಪಿನ ಎಡ ಮಡ್ಗಾರ್ಡಿಗಿ ತೆಂಗಿನಕಾಯಿ ಕೂಡೂವಷ್ಟ ನೆಗ್ಗು. ನಾ ಆವತ್ತು ಬಾಗಲಕೋಟ್ಯಾಗಿದ್ದೆ, ಇಲ್ಲಂದ್ರ ನನ್ನ ಬುಡಕ್ಕ ಬರ್ತಿತ್ತು. "ನಾ ಮಲಗಿದಾಗ ನೀ ಒಯ್ದು ಎಲ್ಲೋ ಗುದ್ದಿಸಿ ತಂದೀ," ಅಂದ ಅಪ್ಪ. "ನಾ ಮಲಗಿದಾಗ ನೀ ಒಯ್ದೀ," ಅಂದ ಕಾಕಾ. ಮನ್ಯಾಗ ಗಾಡಿ ಹೊಡಿಯಾಕ ಬರೂ ಮೂರನೇ ಗಂಡಸು ಇರಲಿಲ್ಲ.

ಅಷ್ಟಕ್ಕ ನಿಂತಿದ್ರ ಚೊಲೊ ಇತ್ತು. ನಾವು ಬೀರಪ್ಪನ ಒಕ್ಕಲು. ದೇವರ ಜಗಲಿ ಮ್ಯಾಲ ಹಿತ್ತಾಳಿ ಬಟ್ಟಲದಾಗ ಭಂಡಾರ ಇರ್ತೈತಿ, ಅಂದ್ರ ಬೀರಪ್ಪಗ ಏರಿಸಿದ ಅರಿಶಿಣ ಪುಡಿ. ಭಂಡಾರ ಕೈಯಾಗ ಹಿಡದು ನಮ್ಮಲ್ಲಿ ಯಾರೂ ಸುಳ್ಳ ಹೇಳೂದಿಲ್ಲ. ಹೇಳಿದ್ರ ಏನಾಗ್ತೈತಿ ಅನ್ನೂದು ಯಾರಿಗೂ ಗೊತ್ತಿಲ್ಲ, ಯಾಕಂದ್ರ ಯಾರೂ ಹೇಳಿ ನೋಡಿಲ್ಲ. ಮರುದಿನ ಮುಂಜಾನೆ ಅಪ್ಪ ಭಂಡಾರ ಹಿಡದು "ನಾ ಒಯ್ದಿಲ್ಲ" ಅಂದ. ಕಾಕಾನೂ ಭಂಡಾರ ಹಿಡದು "ನಾ ಒಯ್ದಿಲ್ಲ" ಅಂದ.

ಅಲ್ಲಿಗೆ ನೆಗ್ಗಿನ ಮಾತು ಮುಗೀತು, ಆಣಿ ಮಾತು ಶುರು ಆತು. ನೆಗ್ಗ ಬಡದು ಸರಿ ಮಾಡಬಹುದು. ಬೀರಪ್ಪನ ಮುಂದ ಸುಳ್ಳ ಆಣಿ ಮಾಡಿದವನ ಕೂಡ ಒಂದ ಸಾಲಿನಾಗ ಕುಂತು ಉಣ್ಣೂದು ಹೆಂಗ? ತಾ ಒಯ್ದಿಲ್ಲ ಅನ್ನೂದು ಇಬ್ರಿಗೂ ತಮ್ಮ ತಮ್ಮ ಮಟ್ಟಿಗಿ ಪಕ್ಕಾ ಗೊತ್ತಿತ್ತು. ಅದಕ್ಕ ಇನ್ನೊಬ್ಬ ದೇವರಿಗೇ ಮೋಸ ಮಾಡ್ಯಾನ ಅನ್ನೂದೂ ಅಷ್ಟ ಪಕ್ಕಾ ಆತು. ಜೀಪು ಮಾರಿದ್ರು. ಅಂಗಳದಾಗ ನಡುವ ಗೋಡಿ ಎದ್ದಿತು. ಆವತ್ತಿನಿಂದ ಅಣ್ಣ ತಮ್ಮ ಒಬ್ಬರಿಗೊಬ್ಬರು ಮಾತಾಡಲಿಲ್ಲ.

ಗೋಡಿ ಅಂದ್ರ ದೊಡ್ಡ ಗೋಡಿ ಅಂತ ತಿಳಕೋಬ್ಯಾಡ್ರಿ. ಸೊಂಟದಷ್ಟ ಎತ್ತರ ಆಗೂದ್ರಾಗ ಇಬ್ರಿಗೂ ಕಲ್ಲು ಇಡೂ ಉಮೇದಿ ಹೋತು. ಹಿಂಗಾಗಿ ದಿನಾ ಮುಂಜಾನೆ ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತು ಹಲ್ಲ ತಿಕ್ಕೂದು, ನಡುವ ನಮ್ಮವ್ವ ಕಸಾ ಹೊಡಿಯೂದು.

"ನಳಾ ಬಂದೈತಿ ಅಂತ ಹೇಳು ಅವಂಗ," ಅಂತಿದ್ದ ಅಪ್ಪ.

"ನಳಾ ಬಂದೈತಂತ," ಅಂತಿದ್ಲು ಅವ್ವ.

"ಗೊತ್ತೈತಿ ಅನ್ನು ವೈನಿ," ಅಂತಿದ್ದ ಕಾಕಾ. ಅವ್ವ ತಿರಗಿ, "ಗೊತ್ತೈತಂತ," ಅನ್ನೂ ತನಕ ಅಪ್ಪಗ ಕೇಳಿಸಿರ್ತಿರಲಿಲ್ಲ. ಅವ್ವ ಮತ್ತ ಕಾಕು, ಅಂದ್ರ ಕಾಕಾನ ಹೆಂಡ್ತಿ, ಇಬ್ರೂ ಮಾತ್ರ ಆ ಗೋಡಿ ಮ್ಯಾಲಿಂದನ ರೊಟ್ಟಿ, ಪಲ್ಯಾ, ಊರ ಸುದ್ದಿ ಎಲ್ಲಾ ದಾಟಸ್ತಿದ್ರು. ಹೆಂಗಸರಿಗಿ ಆ ಗೋಡಿ ಒಂದು ಕಟ್ಟಿ ಆಗಿತ್ತು.

ಇದೆಲ್ಲಾ ರೂಢಿ ಆಗಿ ಹೋಗಿತ್ತು. ಆದ್ರ ಹ್ವಾದ ವರ್ಷ ಕಾಕಾ ತನ್ನ ಪಾಲಿನ ಮನಿಗಿ ಕೀಲಿ ಹಾಕಿ, ಬಾಗಲಕೋಟಿ ನವನಗರದಾಗಿನ ಮಗಳ ಮನಿ ಹತ್ರ ಹೋಗಿ ಇರ್ತೇನಿ ಅಂತ ತೀರ್ಮಾನಾ ಮಾಡಿದ. ದಸರಾ ಮುಗದ ಕೂಡ್ಲೆ ಹೊರಡೂದು. ಸುದ್ದಿ ಕೇಳಿ ಅಪ್ಪ "ಹೋಗ್ಲಿ, ಯಾರ ಬ್ಯಾಡ ಅಂದಾರ," ಅಂದ. ಅಂದು, ಆವತ್ತಿನಿಂದ ಎರಡ ರೊಟ್ಟಿ ಉಣ್ಣಾಂವ ಒಂದಕ್ಕ ಎದ್ದ. ಮುಂಜಾನೆ ಹಲ್ಲ ತಿಕ್ಕೂದು ಮುಗದ್ರೂ ಗೋಡಿ ಹತ್ರನ ನಿಲ್ಲಾಕ ಹತ್ತಿದ.

ಒಂದ ಅಂಗಳದಾಗ ಇದ್ದು ಮಾತ ಬಿಟ್ರ ಎಂದರ ಒಂದ ದಿನ ಬಾಯಿ ತಪ್ಪಿ ಒಂದ ಮಾತ ಬರ್ತೈತಿ ಅನ್ನೂ ಆಸೆ ಇರ್ತೈತಿ. ಬಾಗಲಕೋಟಿಗಿ ಹ್ವಾದ ಮ್ಯಾಲ ಏನೈತಿ? ಇಬ್ರೂ ಹಿಂಗ ಸಾಯ್ತಾರ ಅನಿಸಿತು, ಅದೂ ಒಂದು ನೆಗ್ಗಿನ ಸಲುವಾಗಿ. ದುಃಖಕ್ಕಿಂತ ನನಗ ಸಿಟ್ಟ ಹೆಚ್ಚ ಬಂತು. ಸಿಟ್ಟ ಬಂದಾಗ ನಾ ಮಾಡೂದು ಒಂದ ಕೆಲಸ: ಒಂದು ಹೊಸಾ ಗಾಡಿ ಬಿಚ್ಚೂದು.

ಅಂಗೈಯಷ್ಟ ಉದ್ದಂದು ಒಂದು ಜೀಪು ನನ್ನ ಹತ್ರ ಇತ್ತು. ಅದನ್ನ ನಮ್ಮ ಜೀಪು ಮಾಡೂದು, ಖಂಡೇಪೂಜಿ, ಅಂದ್ರ ಆಯುಧಪೂಜಿ ದಿನ ಇಬ್ರನ್ನೂ ಕೂಡಿಸಿ ಪೂಜಿ ಮಾಡಸೂದು ಅಂತ ನನ್ನ ಲೆಕ್ಕ. ಜೀಪು ಇಬ್ರ ಹೆಸರಿನ್ಯಾಗಿತ್ತು, ಮತ್ತ ಖಂಡೇಪೂಜ್ಯಾಗ ಗಾಡಿಗಿ ಮಾಲಕರ ಕೈಲೆ ಕಾಯಿ ಒಡಸಬೇಕು. ಒಬ್ಬನ ಮಾಲಕ ಬಂದ್ರ ಅರ್ಧಾ ಪೂಜಿ. ಅರ್ಧಾ ಪೂಜಿಗಿ ಬೀರಪ್ಪ ಒಪ್ಪತಾನೇನು ಅಂತ ಕೇಳಿದ್ರ ಇಬ್ರೂ ಬಾಯಿ ಮುಚ್ಚತಾರ.

ಅಪ್ಪ ಮುಂಜಾನೆ ಅಂಗಡಿಗಿ ಬಂದ, ಚಷ್ಮಾ ಸಡ್ಲ ಆಗೇತಿ ಅಂತ. ಕಾಕಾ ಮಧ್ಯಾಹ್ನ ಬಂದ, ಚಷ್ಮಾ ಬಿಗಿ ಆಗೇತಿ ಅಂತ. ಇಬ್ರ ಚಷ್ಮಾಕ್ಕೂ ಏನೂ ಆಗಿರಲಿಲ್ಲ. ಸುದ್ದಿ ಹೆಂಗೋ ಮುಟ್ಟಿತ್ತು.

"ಬಣ್ಣಾ ಯಾವುದು?" ಅಂದೆ ಅಪ್ಪಗ. "ಬಿಳೇದು," ಅಂದ. ಕಾಕಾಗ ಕೇಳಿದ್ರ, "ಬಿಳೇದೆಲ್ಲಿ, ಹಾಲಿನ ಕೆನಿ ಬಣ್ಣಾ," ಅಂದ. ನಾಕ ಥರಾ ಬಿಳೇದು ಕಲಿಸಿ ತಗಡಿನ ಮ್ಯಾಲ ಹಚ್ಚಿ ತೋರಿಸಿದೆ. ಇಬ್ರೂ ಬ್ಯಾರೆ ಬ್ಯಾರೆ ಹೊತ್ತಿನ್ಯಾಗ ಬಂದು ಅದ ಒಂದನ್ನ ಬೆರಳ ಮಾಡಿ ತೋರಿಸಿದ್ರು. ಒಂದ ಬಣ್ಣಕ್ಕ ಎರಡ ಹೆಸರ ಇಟ್ಟು ಜಗಳಾ ಆಡೂ ಮಂದಿ ಇವರು.

ಧೂಳಿ ವಿಷಯಕ್ಕಂತೂ ನನ್ನ ಜೀವಾ ತಿಂದ್ರು. ಗಾಡಿ ಖರೆ ಗಾಡಿ ಅನಿಸಬೇಕಾದ್ರ ಖರೆ ಮಣ್ಣ ಬೇಕು. ಅದನ್ನ ಹಳೇ ಸೀರಿ ಚೂರಿನ್ಯಾಗ ಸೋಸಿ, ಬಣ್ಣ ಹಚ್ಚೂ ಕುಂಚದಲೆ ಸಂದಿ ಸಂದ್ಯಾಗ ಕೂಡಸಬೇಕು. "ಕಮತಗಿ ಕಡೆ ಕರೀ ಮಣ್ಣ ಹಾಕು," ಅಂದ ಅಪ್ಪ. "ಬದಾಮಿ ಕೆಂಪ ಧೂಳಿ ಇಲ್ಲಂದ್ರ ಅದು ನಮ್ಮ ಜೀಪಲ್ಲ," ಅಂದ ಕಾಕಾ. ಕಡೀಕ ನಾ ಗಾಲಿ ಮಗ್ಗಲಕ ಕರೀದು, ಅದರ ಮ್ಯಾಲ ಕೆಂಪು ಹಾಕಿದೆ. ಮಹಾಕೂಟದ ಟ್ರಿಪ್ಪಿಂದ ಬಂದ ಮ್ಯಾಲ ಹಂಗ ಇರ್ತಿತ್ತು ಅಂತ ನನಗೂ ನೆನಪಾತು. ಹಿಂದ ಜೋತು ಬಿಟ್ಟ ಹಳೇ ಚಪ್ಪಲಿ, ಮುಂದಿನ ಗಾಜಿನ ಮ್ಯಾಲ ಬೀರಪ್ಪನ ಹೆಸರು, ನಿಲ್ಲೂ ಫಳಿ, ಎಲ್ಲಾ ಕೂತ್ವು.

ಉಳದದ್ದು ನೆಗ್ಗು.

"ನೆಗ್ಗ ಮರೀಬ್ಯಾಡ," ಅಂದ ಅಪ್ಪ. "ಅವಾ ಕಣ್ಣಲೆ ನೋಡ್ಲಿ ತಾ ಮಾಡಿದ್ದು."

"ನೆಗ್ಗ ಚೊಲೊ ಮಾಡು," ಅಂದ ಕಾಕಾ. "ನಿಮ್ಮಪ್ಪಗ ಚಷ್ಮಾ ಇಲ್ದನೂ ಕಾಣಬೇಕು."

ನಾ ಶಾಣ್ಯಾತನ ಮಾಡಿ ನೆಗ್ಗ ಇಲ್ದನ ಜೀಪು ಮುಗಿಸಿದೆ. ಮಡ್ಗಾರ್ಡ್ ಎರಡೂ ನುಣ್ಣಗ, ಹೊಸಾ ಮದುಮಗನ ಗಲ್ಲದಂಗ. ಅಪ್ಪಗ ತೋರಿಸಿದೆ. ಚಷ್ಮಾ ಏರಿಸಿ ನೋಡಿ, "ಇದು ನಮ್ಮ ಜೀಪಲ್ಲ," ಅಂತಂದು ಎದ್ದು ಹ್ವಾದ. ಅದ ದಿನ ಸಂಜಿಕ ಕಾಕಾಗ ತೋರಿಸಿದೆ. "ಇದ್ಯಾರ ಜೀಪಲೇ? ನಮ್ಮದಲ್ಲ," ಅಂದ. ಇಷ್ಟ ವರ್ಷದಾಗ ಅಣ್ಣ ತಮ್ಮ ಒಪ್ಪಿದ್ದು ಅದೊಂದ ಮಾತು. ಅದೂ ನನ್ನ ಕೆಲಸಕ್ಕ ಬೈಯೂದ್ರಾಗ. ನಾ ಸಿಟ್ಟಿಗೆದ್ದು, "ನಿಮ್ಮ ಜೀಪು ನೀವ ಮಾಡ್ಕೋರಿ," ಅಂತ ಮನ್ಯಾಗ ಒದರಾಡಿ ಉಣ್ಣದ ಮಲಗಿದೆ.

ಅವ್ವ ಮಾತ್ರ ನನ್ನ ಕಡೆ ಆದ್ಲು. "ನೆಗ್ಗ ಯಾಕ ಬೇಕಾಗೇತಿ? ಇದ್ದ ನೆಗ್ಗಲೆ ಆದದ್ದ ಸಾಲಲಿಲ್ಲೇನು? ಹಂಗ ಇರ್ಲಿ ಬಿಡು, ಚಂದ ಕಾಣ್ತೈತಿ," ಅಂದ್ಲು. ಒಂದ ಸಲ ಅಲ್ಲ, ಅಂಗಡಿಗಿ ಚಾ ತಂದಾಗೆಲ್ಲ ಅಂದ್ಲು. ಅವ್ವಗ ಇಬ್ರ ನಡುವ ಹೇಳಿ ಹೇಳಿ ಸಾಕಾಗೇತಿ, ಅದಕ್ಕ ಹಂಗಂತಾಳ ಅಂತ ನಾ ತಿಳದೆ.

ಆದ್ರ ನೆಗ್ಗ ಇಲ್ದ ಇಬ್ರೂ ಬರೂದಿಲ್ಲ ಅಂದ ಮ್ಯಾಲ ಬ್ಯಾರೆ ದಾರಿ ಇರಲಿಲ್ಲ. ಖರೆ ಜೀಪಿನ ತಗಡು ಬಡದ್ರ ನೆಗ್ಗತೈತಿ. ಎರಕಾ ಹೊಯ್ದದ್ದು ನೆಗ್ಗೂದಿಲ್ಲ. ಇದು ನನಗ ಗೊತ್ತಿದ್ದೂ, ಸಿಟ್ಟಿನ್ಯಾಗ ಒಂದು ಹಳೇ ಮಾದರಿಗಿ ಸುತಗಿಲೆ ಒಂದ ಏಟ ಹಾಕಿ ನೋಡಿದೆ. ಖಡಕ್ ರೊಟ್ಟಿ ಮುರದಂಗ ಮುರೀತು. ಆಮ್ಯಾಲ ಚಷ್ಮಾದ ಡ್ರಿಲ್ ತಗೊಂಡು ಸೂಕ್ಷ್ಮ ಕೊರದು, ಸುತ್ತಲೂ ಪುಟ್ಟಿ ಹಚ್ಚಿ ಅಂಚ ಎಬ್ಬಿಸಿ, ಉಪ್ಪುಕಾಗದದಲೆ ತಿಕ್ಕಿ, ಬಣ್ಣಾ ಬಿರುಕ ಬಿಟ್ಟದ್ದು, ಒಳಗ ತುಕ್ಕು ಹಿಡದದ್ದು ಎಲ್ಲಾ ಬರದೆ. ನನ್ನ ಕೆಲಸ ನಾನ ಹೊಗಳಬಾರದು, ಆದ್ರ ಯಾರೂ ಹೊಗಳೂದಿಲ್ಲಲ್ಲ, ಅದಕ್ಕ ಹೇಳ್ತೇನಿ: ಅಂಥಾ ನೆಗ್ಗ ನಾ ಮತ್ತ ಮಾಡಿಲ್ಲ.

ಅವ್ವ ಚಾ ಇಟ್ಟು, ಬಗ್ಗಿ ನೋಡಿದ್ಲು. ಬ್ಯಾಡ ಬ್ಯಾಡ ಅಂದಾಕಿ, ನೆಗ್ಗಿನ ಹತ್ರ ಬೆರಳ ಒಯ್ದು, "ಇನ್ನೊಂಚೂರ ಕೆಳಗ ಬರಬೇಕು," ಅಂದ್ಲು. "ಮತ್ತ ಅದು ದುಂಡಗಿರಲಿಲ್ಲ. ಹಿಂಗ ಉದ್ದಕ ಹೋಗಿತ್ತು."

"ನಿನಗೆಂಗ ಇಷ್ಟ ನೆನಪೈತಿ?"

"ದಿನಾ ತೊಳದಾಕಿ ನಾ ಅಲ್ಲೇನು?"

ಅದೂ ಖರೆ. ತಿದ್ದಿ ಸರಿ ಮಾಡಿದೆ.

ಖಂಡೇಪೂಜಿ ಮುಂಜಾನೆ ಹೊಸಾ ಪಂಚಾಯ್ತಿ ಹುಟ್ಟಿತು. ಕಾಕಾ ಅಪ್ಪನ ಕಡೆ ಅಂಗಳಕ್ಕ ಬರೂದಿಲ್ಲ ಅಂದ. ಅಪ್ಪ ಕಾಕಾನ ಕಡೆ ಕಾಲಿಡೂದಿಲ್ಲ ಅಂದ. ನಾ ತಲಿ ಕೆಟ್ಟು ಜೀಪನ್ನ ಒಯ್ದು ನಟ್ಟನಡುವ ಗೋಡಿ ಮ್ಯಾಲ ಇಟ್ಟೆ. ಇಬ್ರೂ ತಮ್ಮ ತಮ್ಮ ಕಡೆ ನಿಂತ್ರು, ಜರದ ರುಮಾಲು ಸುತಗೊಂಡು, ಹೊಸಾ ಗಾಡಿ ತಂದವರ ಗತ್ತಿನ್ಯಾಗ.

ಗಾಲಿ ಕೆಳಗ ನಿಂಬಿಹಣ್ಣ ಇಡಬೇಕಲ್ಲ. ನಿಂಬಿಹಣ್ಣಿನ ಮುಂದ ಜೀಪು ಸಣ್ಣ ಕೂಸಿನಂಗ ಕಾಣ್ತಿತ್ತು. ಅವ್ವ ಹಣ್ಣ ಕೊಯ್ದು, ಬೀಜಾ ತಗದು, ಗಾಲಿಗೊಂದು ಬೀಜಾ ಇಟ್ಲು. ಚಂಡಹೂವಿನ ಒಂದ ಎಸಳ ಬಾನೆಟ್ಟಿಗಿ ಹಾರ ಆತು. ಕಾಯಿ ಮಾತ್ರ ದೂರ ಹಿಡದು ಒಡೀರಿ ಅಂತ ನಾ ಕೈ ಮುಗದು ಬೇಡಕೊಂಡೆ, ಇಲ್ಲಂದ್ರ ಕಾಯಿ ನೀರಿನ್ಯಾಗ ಜೀಪು ತೇಲಿ ಹೋಗ್ತಿತ್ತು. ಮ್ಯಾಲಿನ ಲೇಪ ಇನ್ನೂ ಪೂರಾ ಒಣಗಿರಲಿಲ್ಲ. "ಭಂಡಾರ ಹಾಕಬ್ಯಾಡವ್ವ, ಹಳದಿ ಹಿಡದ್ರ ಹೋಗೂದಿಲ್ಲ," ಅಂದೆ. "ಭಂಡಾರ ಇಲ್ದ ಎಂಥಾ ಪೂಜಿ?" ಅಂತಂದು ಆಕಿ ಬಟ್ಟಲಕ್ಕ ಕೈ ಹಾಕಿ ಮುಷ್ಟಿ ತುಂಬ ಹಿಡಕೊಂಡ್ಲು.

ಅಷ್ಟ್ರಾಗ ಅಪ್ಪ ಚಷ್ಮಾ ಸರಿ ಮಾಡಿ ಎಡ ಮಡ್ಗಾರ್ಡಿನ ಕಡೆ ಬಗ್ಗಿದ. "ಇದು ನಮ್ಮ ಜೀಪು," ಅಂದ. ನನ್ನ ಜೀವಾ ತಣ್ಣಗಾತು. ಆಮ್ಯಾಲ ಅವ್ವನ ಕಡೆ ತಿರಗಿ, "ಕೇಳು ಅವಂಗ, ಈಗರ ಒಪ್ಪಗೋತಾನೇನಂತ," ಅಂದ.

"ಒಪ್ಪಗೋತೀ ಏನಂತ," ಅಂದ್ಲು ಅವ್ವ, ಮೆಲ್ಲಕ.

"ಮಾಡಿದವರು ಒಪ್ಪಗೊಳ್ಳಲಿ ಅಂತ ಹೇಳು ವೈನಿ."

"ಮಾಡಿದವರು ಒಪ್ಪಗೊ..."

"ಸುಳ್ಳ ಆಣಿ ಮಾಡಿದವಗ ನಾಚಿಕಿ ಇಲ್ಲೇನಂತ ಕೇಳು," ಅಂದ ಅಪ್ಪ.

ಅವ್ವ ಆ ಕಡೆ ಈ ಕಡೆ ಮಾರಿ ತಿರುವೂದ್ರಾಗ ಇಬ್ರಿಗೂ ತಾಳ್ಮಿ ಹೋತು. "ಲೇ, ಸುಳ್ಳ ಆಣಿ ಮಾಡಿದಾಂವ ನೀ," ಅಂದ ಅಪ್ಪ, ಸೀದಾ ತಮ್ಮನ ಮಾರಿ ನೋಡಿ. "ನೀನ ಮಾಡಿದಾಂವ," ಅಂದ ಕಾಕಾ, ಸೀದಾ ಅಣ್ಣನ ಮಾರಿ ನೋಡಿ.

ಮಾತಾಡಿದ್ರು. ನಾ ಖುಷಿಲೆ ಹೆಂಡ್ತಿ ಕೈ ಹಿಡದೆ. ನನ್ನ ಜೀಪು ಗೆದ್ದಿತು ಅನಿಸಿತು. ಆದ್ರ ಆ ಖುಷಿ ಒಂದ ಗಳಿಗಿ ಉಳೀಲಿಲ್ಲ. ಇಷ್ಟ ವರ್ಷ ನುಂಗಿದ ಮಾತೆಲ್ಲಾ ಇಬ್ರ ಬಾಯಾಗಿಂದ ಹೊರಗ ಬಿದ್ದು, ಕಡೀಕ ಕಾಕಾ ಅಂದ: "ನಾಡದು ಹೊಂಟೀನಿ. ನಿನ್ನ ಮಣ್ಣಿಗೂ ನಾ ಬರೂದಿಲ್ಲ."

ಅಪ್ಪ ಬೆಳ್ಳಗಾದ. ಗೋಡಿ ಮ್ಯಾಲ ಕೈ ಊರಿ ನಿಂತ. ಎಲ್ಲಾ ನಾನ ಹಾಳ ಮಾಡಿದೆ ಅನಿಸಿತು. ಗೋಡಿ ಕಟ್ಟಿ ಸುಮ್ನಿದ್ದವರನ್ನ ಎದುರಾ ಎದುರ ನಿಲ್ಲಿಸಿ, ನಡುವ ನೆಗ್ಗ ತಂದಿಟ್ಟಾಂವ ನಾ.

"ಹಂಗಾದ್ರ ಇನ್ನೊಮ್ಮೆ ಹಿಡಿ ಭಂಡಾರ," ಅಂದ ಅಪ್ಪ. "ಈಗ ಹಿಡಿ. ಹಿಡದು ಹೇಳು."

"ನೀನೂ ಹಿಡಿ."

ಇಬ್ರೂ ಅವ್ವನ ಮುಂದ ಕೈ ಚಾಚಿದ್ರು. ಅವ್ವ ಮುಷ್ಟಿ ಬಿಚ್ಚಲಿಲ್ಲ. ಬೆರಳ ಸಂದ್ಯಾಗಿಂದ ಹಳದಿ ಸಣ್ಣಗ ಉದರ್ತಿತ್ತು.

"ಭಂಡಾರ ನಾ ಹಿಡದೀನಿ," ಅಂದ್ಲು. "ನಾನ ಹೇಳ್ತೇನಿ. ಜೀಪು ಒಯ್ದಾಕಿ ನಾ."

ಮೊದ್ಲ ಬಾಯಿ ಬಿಟ್ಟಾಂವ ಕಾಕಾ. "ಎಲ್ಲಿಗಿ ವೈನಿ?"

"ಗಿರಣಿಗಿ. ಜ್ವಾಳಾ ಬೀಸಾಕ."

"ಜೀಪಿನ್ಯಾಗ?"

"ಮತ್ತ ತಲಿ ಮ್ಯಾಲ ಹೊರಬೇಕಾಗಿತ್ತೇನು? ಚೀಲಾ ಎಷ್ಟ ಭಾರ ಇತ್ತು ಗೊತ್ತೈತೇನು? ಒಬ್ಬರರ ಎದ್ದು ಒಯ್ದು ಕೊಡ್ರಿ ಅಂತ ಎಬ್ಬಿಸಿದೆ. ಇಬ್ರೂ ಹ್ಞೂಂ ಅಂದು ಮಗ್ಗಲಾ ಬದಲಿಸಿದ್ರಿ. ಜೀಪಿನ ಕೀಲಿ ಮೊಳಿಗಿ ಜೋತ ಬಿದ್ದಿತ್ತು."

"ನಿನಗ ಗಾಡಿ ಯಾರು ಕಲಿಸಿದ್ರು?" ಅಂದ ಅಪ್ಪ. ಅವಂಗ ನೆಗ್ಗ, ಆಣಿ, ಎಲ್ಲಾ ಮರತು ಹೋಗಿತ್ತು.

"ನೀವ ಇಬ್ರೂ. ಮಹಾಕೂಟಕ್ಕ ಹೋಗೂ ಮುಂದ ನನ್ನ ಗೇರಿನ ಮಗ್ಗಲಕ ಕೂಡಸ್ತಿದ್ರಿ. ಗುಡ್ಡಾ ಡೋಂಗರಾ ನೀವು ನೋಡ್ತಿದ್ರಿ, ನಾ ನಿಮ್ಮ ಕಾಲ ನೋಡ್ತಿದ್ದೆ. ಒಂದನೇ ಗೇರಿನ್ಯಾಗ ಚೊಲೊ ಹ್ವಾದೆ, ಜ್ವಾಳಾ ಬೀಸಿಸಿದೆ. ಬರೂ ಮುಂದ ಗಿರಣಿ ಮೂಲ್ಯಾಗಿನ ಕಲ್ಲಬಾನಿ ಅಡ್ಡ ಬಂತು."

"ದನಾ ನೀರ ಕುಡಿಯೂ ಬಾನಿ ವೈನಿ ಅದು," ಅಂದ ಕಾಕಾ. "ನಾ ಹುಟ್ಟೂಕಿಂತ ಮೊದ್ಲ ಅಲ್ಲೇ ಐತಿ. ಅದೆಂಗ ಅಡ್ಡ ಬರ್ತೈತಿ?"

"ಬಂತು," ಅಂದ್ಲು ಅವ್ವ. "ಮತ್ತ ಆ ಹಿಟ್ಟಿನ ರೊಟ್ಟಿ ಸಂಜಿಕ ಇಬ್ರೂ ಹೊಟ್ಟಿ ತುಂಬ ಉಂಡ್ರಿ. ಉಂಡು ಜಗಳಾ ಮುಂದುವರಿಸಿದ್ರಿ."

ನನಗ ತಡೀಲಿಲ್ಲ. "ಯಾಕ ಹೇಳಲಿಲ್ಲವ್ವ? ಇಷ್ಟ ವರ್ಷ!" ಅಂತ ಒದರಿದೆ.

"ನನ್ನ ಯಾರು ಕೇಳಿದ್ರಿ?" ಅಂದ್ಲು. ಕಣ್ಣಾಗ ನೀರ ಬಂದಿತ್ತು. "ಇಬ್ರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ನಾ ಹಿಟ್ಟಿನ ಕೈಲೆ ಬಾಗಲದಾಗ ನಿಂತಿದ್ದೆ. ಯಾರರ ಈ ಕಡೆ ತಿರಗಿ ನೋಡಿದ್ರೇನು? ಮರುದಿನ ಹೇಳೂಣು ಅಂತ ಗಟ್ಟಿ ಮಾಡಿ ಹೊರಗ ಬಂದೆ, ಅಷ್ಟ್ರಾಗ ಭಂಡಾರ ಹಿಡದು ನಿಂತಿದ್ರು. ಆಮ್ಯಾಲ ದಿನಾ ಹೇಳೂಣು ಅಂತಿದ್ದೆ, ದಿನಾ ಅಂಜಿಕಿ ಇನ್ನಷ್ಟ ಆಗ್ತಿತ್ತು. ಇಬ್ರೂ ನನ್ನ ಕೂಡನ ಮಾತ ಬಿಟ್ರ ಏನ ಮಾಡ್ಲಿ ಅಂತ. ಅದಕ್ಕ ಇವರ ಮಾತ ಅವರಿಗಿ, ಅವರ ಮಾತ ಇವರಿಗಿ ಮುಟ್ಟಿಸಿಗೋತ ಇದ್ದೆ. ನನ್ನ ಕೈಲೆ ಆಗೂದು ಅಷ್ಟ ಇತ್ತು."

ಅಪ್ಪ ಗೋಡಿ ಮ್ಯಾಲಿನ ಜೀಪು ನೋಡಿದ, ಆಮ್ಯಾಲ ತಮ್ಮನ್ನ ನೋಡಿದ. "ಅಂದ್ರ ನೀ ಸುಳ್ಳ ಆಣಿ ಮಾಡಿರಲಿಲ್ಲ," ಅಂದ.

"ನೀನೂ ಮಾಡಿರಲಿಲ್ಲ, ಅಣ್ಣ," ಅಂದ ಕಾಕಾ.

ಅಣ್ಣ ಅನ್ನೂ ಆ ಮಾತ ನಾ ಎಷ್ಟ ವರ್ಷದ ಮ್ಯಾಲ ಕೇಳಿದ್ನೋ. ನಾ ಅಳೂದಿಲ್ಲ ಅಂತ ಹಲ್ಲ ಕಚ್ಚಿ ನಿಂತೆ, ಆದ್ರೂ ಅತ್ತೆ. ಅಪ್ಪ ಮೂಗ ಒರಸಿಕೊಂಡ. ಕಾಕಾ ರುಮಾಲ ತಗದು ಮತ್ತ ಸುತ್ತಿದ, ಸುತ್ತಿದ್ದು ಸರಿ ಇದ್ರೂ. ಆಮ್ಯಾಲ ಏನೋ ಹೊಳದಂಗ ಆಗಿ, "ಅಣ್ಣ, ಗಿರಣಿ ತನಕ ಹೋಗಿ ಬರೂತನಕ ಒಂದನೇ ಗೇರು," ಅಂದ. "ಆ ವಾರ ಕ್ಲಚ್ ಪ್ಲೇಟ್ ಸುಟ್ಟಿದ್ದು ಇದಕ್ಕ ನೋಡು. ನಾ ಮನಸ್ಸಿನ್ಯಾಗ ನಿನಗ ಬೈದಿದ್ದೆ."

"ನಾನೂ ನಿನಗ ಬೈದಿದ್ದೆ," ಅಂದ ಅಪ್ಪ. ಇಬ್ರೂ ಕೂಡಿ ಅವ್ವನ ಕಡೆ ನೋಡಿದ್ರು. ಈಗ ಇಬ್ರೂ ಒಂದ ಪಾರ್ಟಿ ಆಗಿದ್ರು.

"ಕ್ಲಚ್ಚಿನ ಸುದ್ದಿ ನನಗ ಗೊತ್ತಿಲ್ಲ," ಅಂತಂದು ಅವ್ವ ಕೈ ಮುಗಿಯಾಕ ಮುಷ್ಟಿ ಬಿಚ್ಚಿದ್ಲು. ಮುಷ್ಟಿ ತುಂಬ ಭಂಡಾರ ಒಮ್ಮೆಲೆ ಜೀಪಿನ ಮ್ಯಾಲ ಬಿತ್ತು. ಕಮತಗಿ ಕರೀ ಮಣ್ಣಿನ ಮ್ಯಾಲ, ಬದಾಮಿ ಕೆಂಪ ಧೂಳಿ ಮ್ಯಾಲ, ಒಣಗದ ಲೇಪದ ಮ್ಯಾಲ. ನಾ ಬಾಯಿ ಬಡಕೊಂಡೆ. ಒಬ್ಬರೂ ನನ್ನ ಕಡೆ ನೋಡಲಿಲ್ಲ. ಆ ಹಳದಿ ಇವತ್ತಿಗೂ ಹೋಗಿಲ್ಲ. ತೊಳೀರಿ ಅಂತ ಯಾರೂ ಅಂದೂ ಇಲ್ಲ.

ಕಾಕಾ ಹೇಳಿದಂಗ ನವನಗರಕ್ಕ ಹ್ವಾದ. ಮಗಳ ಮನಿ ಹತ್ರ ಎಲ್ಲಾ ವ್ಯವಸ್ಥಾ ಆಗಿ ಹೋಗಿತ್ತು. ಆದ್ರ ಜೀಪು ಇಬ್ರದು. ಅದಕ್ಕ ಅಮಾಸಿಯಿಂದ ಹುಣ್ಣಿವಿ ತನಕ ಇಳಕಲ್ಲದಾಗ, ಹುಣ್ಣಿವಿಯಿಂದ ಅಮಾಸಿ ತನಕ ಬಾಗಲಕೋಟ್ಯಾಗ ಅಂತ ಠರಾವ ಆತು. ಅಪ್ಪ ಅದನ್ನ ರೊಟ್ಟಿ ಡಬ್ಬಿಯಾಗ ಅರಿವಿ ಸುತ್ತಿ ಇಟಗೊಂಡು ಬಸ್ ಹತ್ತತಾನ. ಹ್ವಾದಾಂವ ಎರಡ ದಿನ ಬರೂದಿಲ್ಲ. ಕಾಕಾ ತಂದು ಕೊಡಾಕ ಬಂದ್ರ ನಾಕ ದಿನ ಹೋಗೂದಿಲ್ಲ. ಅಣ್ಣ ತಮ್ಮ ಈಗ ಗೋಡಿ ಮ್ಯಾಲ ಕುಂತು ಹಲ್ಲ ತಿಕ್ಕತಾರ.

ಮೊನ್ನೆ ಅವ್ವ ಅಂಗಡಿಗಿ ಬಂದು, "ಜೀಪು ಖಾಲಿ ಯಾಕೈತಿ? ಯಾರರ ಹೊಡೀಬೇಕಲ್ಲ," ಅಂದ್ಲು. ನನಗ ಅರ್ಥ ಆತು. ಪುಟ್ಟಿಲೆ ಒಂದು ಹೆಣ್ಣಮಗಳನ್ನ ಮಾಡಿದೆ, ಗುಂಡಸೂಜಿಗಿಂತ ಸ್ವಲ್ಪ ಎತ್ತರ. ಭೂತಗನ್ನಡಿ ಹಾಕ್ಕೊಂಡು ಆಕಿಗಿ ಇಳಕಲ್ಲ ಸೀರಿ ಉಡಿಸಿದೆ. ಕೆಂಪ ಸೆರಗು, ಸೆರಗಿನ್ಯಾಗ ಬಿಳೀ ತೆನಿ. ಆ ತೆನಿ ಬರಿಯೂದ್ರಾಗ ನನ್ನ ಕಣ್ಣ ಕೆಟ್ಟು, ನನ್ನ ಅಂಗಡಿ ಚಷ್ಮಾ ನನಗ ಬಂತು. ಸ್ಟೇರಿಂಗ್ ಹಿಂದ ಕೂಡಿಸಿ ತೋರಿಸಿದೆ. ಅವ್ವ ನೋಡಿ, "ಸೆರಗ ತಲಿ ಮ್ಯಾಲ ಬ್ಯಾಡ. ಗಾಡಿ ಹೊಡಿಯೂ ಮುಂದ ಅಡ್ಡ ಬರ್ತೈತಿ," ಅಂದ್ಲು. ತಿದ್ದಿದೆ.

ಅಪ್ಪ, ಕಾಕಾ ಇಬ್ರೂ ಬಗ್ಗಿ ನೋಡಿದ್ರು. ಮಾಲಕರು ಅಂದ್ರ ಮಾಲಕರು. "ಮತ್ತ ನಾವೆಲ್ಲಿ?" ಅಂದ್ರು.

ನಾ ಅವ್ವನ ಮಾರಿ ನೋಡಿದೆ.

"ಹಿಂದ ಫಳಿ ಮ್ಯಾಲ ನಿಲ್ಲಸು ಇಬ್ರನ್ನೂ," ಅಂದ್ಲು ಅವ್ವ. "ಹುನಗುಂದ, ಕಮತಗಿ, ಬಾಗಲಕೋಟಿ ಅಂತ ಒದರ್ಲಿ."